ಥ್ಯಾಂಕ್ಸ್‌ಗಿವಿಂಗ್ ಟೇಪನ್ನು ದಯವಿಟ್ಟು ಎಸೆಯಬೇಡಿ

ಗೆಳೆಯರೇ, ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಿಮ್ಮ ನೆರೆಮನೆಯ ಅಜ್ಜ ಮನೆ ಖಾಲಿ ಮಾಡುವಾಗ ಕೊಟ್ಟ ಒಂದು ಪೆಟ್ಟಿಗೆ ವಿಎಚ್‌ಎಸ್ ವಿಡಿಯೋ ಟೇಪುಗಳ ಬಗ್ಗೆ ಕೇಳಿದ್ದೀರಿ. ಒಂದರ ಮೇಲೆ ‘ಕಾಂಗ್, ಥ್ಯಾಂಕ್ಸ್‌ಗಿವಿಂಗ್, ಚಾನೆಲ್ 9’ ಎಂದು ಬರೆದಿದೆ. ಅಂದರೆ ಅಮೆರಿಕದ ನವೆಂಬರ್ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ದಿನ ಟಿವಿಯಲ್ಲಿ ಬಂದ ‘ಕಿಂಗ್ ಕಾಂಗ್’ ಎಂಬ ದೈತ್ಯ ಗೊರಿಲ್ಲಾದ ಚಿತ್ರ. ಆ ಚಿತ್ರ ಡಿಸ್ಕಿನಲ್ಲಿ ಸೊಗಸಾಗಿ ಸಿಗುವಾಗ ಇದನ್ನು ಎಸೆಯಬಹುದೇ, ಅಥವಾ ಮೈಸೂರಿಗೆ ಹೋದಾಗ ಅಗ್ಗವಾಗಿ ಡಿಜಿಟಲ್ ಮಾಡಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ಎರಡೂ ಬೇಡ ಎಂದು ಕೈಮುಗಿದು ಕೇಳುತ್ತೇನೆ.

ಚಿತ್ರ ಡಿಸ್ಕಿನಲ್ಲಿದೆ, ನಿಜ. ಆದರೆ ಆ ಮಧ್ಯಾಹ್ನದ ಪ್ರಸಾರ ಯಾವ ಡಿಸ್ಕಿನಲ್ಲೂ ಇಲ್ಲ. ಸ್ಥಳೀಯ ಕೇಂದ್ರಗಳು ದಿನದ ಪ್ರಸಾರವನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಿರಲಿಲ್ಲ. ಉಳಿದಿರುವುದು ಇಂಥ ಅಜ್ಜಂದಿರ ಪೆಟ್ಟಿಗೆಗಳಲ್ಲಿ ಮಾತ್ರ.

ನ್ಯೂಯಾರ್ಕಿನ ಟಿವಿ ಕೇಂದ್ರ ಚಾನೆಲ್ 9ಕ್ಕೂ ಕಾಂಗ್‌ಗೂ ಹಳೆಯ ನಂಟು. ಕೇಂದ್ರದ ಒಡೆತನ ಹೊಂದಿದ್ದ ಜನರಲ್ ಟೈರ್ ಎಂಬ ಟೈರು ಕಂಪನಿ 1955ರಲ್ಲಿ ಕೋಟ್ಯಧಿಪತಿ ಹೊವಾರ್ಡ್ ಹ್ಯೂಸ್ ಅವರಿಂದ ಹಾಲಿವುಡ್‌ನ ಆರ್‌ಕೆಒ ಸ್ಟುಡಿಯೋವನ್ನು 2.5 ಕೋಟಿ ಡಾಲರಿಗೆ ಕೊಂಡಿತು. ಸ್ಟುಡಿಯೋದ ಜೊತೆಗೆ ಅದರ ನೂರಾರು ಹಳೆಯ ಚಿತ್ರಗಳೂ ಬಂದವು. ಮರುವರ್ಷವೇ 1933ರ ‘ಕಿಂಗ್ ಕಾಂಗ್’ ಕಿರುತೆರೆಗೆ ಬಂತು. ಚಾನೆಲ್ 9ರ ‘ಮಿಲಿಯನ್ ಡಾಲರ್ ಮೂವಿ’ ಕಾರ್ಯಕ್ರಮದಲ್ಲಿ ಒಂದೇ ಚಿತ್ರವನ್ನು ವಾರವಿಡೀ ಮತ್ತೆ ಮತ್ತೆ ತೋರಿಸುತ್ತಿದ್ದರು. ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಬಾಲ್ಯದಲ್ಲಿ ಸಿನಿಮಾ ಕಲಿತದ್ದು ಈ ಕಾರ್ಯಕ್ರಮವನ್ನು ಪಟ್ಟುಹಿಡಿದು ನೋಡಿಯೇ. ಮುಂದೆ ಎಪ್ಪತ್ತರ ದಶಕದಿಂದ ಎಂಬತ್ತರ ದಶಕದ ಮಧ್ಯದವರೆಗೆ ಥ್ಯಾಂಕ್ಸ್‌ಗಿವಿಂಗ್ ದಿನ ‘ಕಿಂಗ್ ಕಾಂಗ್’, ‘ಸನ್ ಆಫ್ ಕಾಂಗ್’, ‘ಮೈಟಿ ಜೋ ಯಂಗ್’ ಮೂರನ್ನೂ ಸಾಲಾಗಿ ಹಾಕುವ ವಾಡಿಕೆ ಬೆಳೆಯಿತು. 1983ರಲ್ಲಿ ನಾನು ಈ ದೇಶಕ್ಕೆ ಬಂದ ಹೊಸತು. ಅಂಗಡಿಗಳೆಲ್ಲ ಮುಚ್ಚಿದ್ದ ಆ ದಿನ ಚಿತ್ರಾನ್ನದ ತಟ್ಟೆ ಹಿಡಿದು ಒಬ್ಬನೇ ಕುಳಿತು ಮೂರನ್ನೂ ನೋಡಿದ್ದೆ. ಊರಿನ ನೆನಪು ಕಾಡುತ್ತಿದ್ದ ಆ ಮಧ್ಯಾಹ್ನಕ್ಕೆ ಜೊತೆಯಾದದ್ದು ಆ ಚಾನೆಲ್ಲೇ. ಆದ್ದರಿಂದ ನಿಮ್ಮ ಟೇಪಿನ ಮೇಲೆ ನನಗೆ ಇಷ್ಟು ಮಮತೆ.

ಟೇಪು ಯಾವ ಕಾಲದ್ದೆಂದು ತಿಳಿಯಲು ಕೇಂದ್ರದ ಹೆಸರು ಹೇಳುವ ಜಾಗವನ್ನು ಗಮನಿಸಿ. ಡಬ್ಲ್ಯುಒಆರ್ ಎಂದಿದ್ದರೆ 1987ರ ಹೆಸರು ಬದಲಾವಣೆಗಿಂತ ಹಿಂದಿನದು. ಡಬ್ಲ್ಯುಡಬ್ಲ್ಯುಒಆರ್ ಎಂದಿದ್ದರೆ ಆಮೇಲಿನದು. ಪೆಟ್ಟಿಗೆಯಲ್ಲಿ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಕೂಡ ಇರುವ ಸಂಭವ ಹೆಚ್ಚು. 1974ರಲ್ಲಿ ಅದರ ಹಕ್ಕನ್ನು ಯಾರೂ ನವೀಕರಿಸದ್ದರಿಂದ ಕ್ರಿಸ್‌ಮಸ್ ಬಂತೆಂದರೆ ಊರೂರಿನ ಕೇಂದ್ರಗಳು ಅದನ್ನೇ ಹಾಕುತ್ತಿದ್ದವು. ಆ ಕಪ್ಪು-ಬಿಳುಪು ಚಿತ್ರ ನಿಮ್ಮ ಟೇಪಿನಲ್ಲಿ ಬಣ್ಣದಲ್ಲಿದ್ದರೆ 1986ಕ್ಕಿಂತ ಹಳೆಯದಲ್ಲ. 130 ನಿಮಿಷದ ಆ ಚಿತ್ರ ಜಾಹೀರಾತೂ ಸೇರಿ ಎರಡೇ ಗಂಟೆಯಲ್ಲಿ ಮುಗಿದಿದ್ದರೆ ಕತ್ತರಿ ಎಲ್ಲೆಲ್ಲಿ ಬಿದ್ದಿದೆ ಎಂದು ಡಿಸ್ಕಿನ ಪಕ್ಕದಲ್ಲಿಟ್ಟು ಗುರುತು ಹಾಕಿಕೊಳ್ಳಿ. ಚಿತ್ರದ ಅಂಚು ಕತ್ತರಿಸಿರಬಹುದೆಂಬ ಚಿಂತೆ 1953ರ ನಂತರದ ಅಗಲ ಪರದೆಯ ಚಿತ್ರಗಳಿಗೆ ಮಾತ್ರ. ಅದಕ್ಕೂ ಹಿಂದಿನವು ಹಳೆಯ ಟಿವಿ ಚೌಕಟ್ಟಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಹಿಡಿಸುತ್ತವೆ.

ಇನ್ನು ಮೈಸೂರಿನ ವಿಚಾರ. ಅಮೆರಿಕದ ಟೇಪು ಎನ್‌ಟಿಎಸ್‌ಸಿ ಪದ್ಧತಿಯದು: 525 ಗೆರೆ, ಸೆಕೆಂಡಿಗೆ ಸುಮಾರು 30 ಚೌಕಟ್ಟು (ಫ್ರೇಮ್). ಭಾರತದ್ದು ಪಾಲ್: 625 ಗೆರೆ, 25 ಚೌಕಟ್ಟು. ಎರಡನ್ನೂ ಸರಿಯಾಗಿ ಓದುವ ಯಂತ್ರವಿಲ್ಲದ ಕಡೆ ಕೊಟ್ಟರೆ ಚಿತ್ರ ಉರುಳುತ್ತದೆ, ಇಲ್ಲವೇ ಚಲನೆ ಕುಕ್ಕುತ್ತದೆ. ನಾನು ಹಾಗೆ ಒಂದು ಅಂಗಡಿಗೆ ಎರಡು ಟೇಪು ಕೊಟ್ಟು ಕೆಡಿಸಿಕೊಂಡೆ. ಜಾಹೀರಾತುಗಳನ್ನು ‘ಕಸ’ವೆಂದು ಅಳಿಸಿಯೂ ಕೊಟ್ಟಿದ್ದರು, ಅದರ ನೋವು ಇನ್ನೂ ಇದೆ.

ಎಡಿಸನ್‌ನಲ್ಲಿಯೇ, ನಿಮ್ಮ ಕೈಯಿಂದಲೇ ಮಾಡಿ. ಮೊದಲು ಟೇಪಿನ ಬೆನ್ನಿನ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಚೂರನ್ನು ಮುರಿಯಿರಿ, ಆಗ ಅದರ ಮೇಲೆ ಯಾರೂ ತಪ್ಪಿ ರೆಕಾರ್ಡ್ ಮಾಡಲಾರರು. ಟೇಪಿನ ಪಾರದರ್ಶಕ ಕಿಟಕಿಯಲ್ಲಿ ಬೂದಿಯಂತೆ ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಅದು ಉಳಿದ ಟೇಪುಗಳಿಗೂ ಹಬ್ಬುತ್ತದೆ. ಗ್ಯಾರೇಜಿನ ಚಳಿಯಿಂದ ತಂದದ್ದಾದರೆ ಒಂದು ದಿನ ಮನೆಯೊಳಗೆ ಇಡಿ. ನಂತರ ಕೊನೆಯವರೆಗೆ ಒಮ್ಮೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ. ಟೇಪಿಗೂ ಕಂಪ್ಯೂಟರಿಗೂ ನಡುವೆ ಚಿತ್ರದ ಅಲುಗಾಟ ತಿದ್ದುವ ಟಿಬಿಸಿ ಎಂಬ ಯಂತ್ರ ಇದ್ದರೆ ಒಳ್ಳೆಯದು. ಮೊದಲಿನಿಂದ ಕೊನೆಯವರೆಗೆ ಒಂದೇ ಕಡತವಾಗಿ, ಜಾಹೀರಾತು, ಹವಾಮಾನದ ಪಟ್ಟಿ ಎಲ್ಲವನ್ನೂ ಸೇರಿಸಿ ಹಿಡಿಯಿರಿ. ಆದರೆ ‘ಕಿಂಗ್ ಕಾಂಗ್’ ಮೇಲಿನ ಹಕ್ಕು ಇನ್ನೂ ಜಾರಿಯಲ್ಲಿರುವುದರಿಂದ ಪೂರ್ತಿ ಚಿತ್ರವನ್ನು ಎಲ್ಲೂ ಏರಿಸಬೇಡಿ.

ಆ ಮೂರೂ ಚಿತ್ರ ಸಾಮಾನ್ಯ ವೇಗದಲ್ಲಿ ಎರಡು ಗಂಟೆ ಹಿಡಿಸುವ ಒಂದೇ ಟಿ-120 ಟೇಪಿನಲ್ಲಿದ್ದರೆ ಅಜ್ಜ ಆರು ಗಂಟೆಯ ನಿಧಾನ ವೇಗದಲ್ಲಿ ರೆಕಾರ್ಡ್ ಮಾಡಿದ್ದಾರೆ ಎಂದರ್ಥ. ಆ ವೇಗದ ಟೇಪು ಬೇರೆ ಯಂತ್ರದಲ್ಲಿ ಹಟ ಮಾಡುತ್ತದೆ, ರೆಕಾರ್ಡ್ ಮಾಡಿದ ಯಂತ್ರದಲ್ಲೇ ನೆಟ್ಟಗೆ ಓಡುತ್ತದೆ. ಅವರು ಮನೆ ಬಿಡುವ ಮೊದಲು ಹೋಗಿ, ಆ ಹಳೆಯ ರೆಕಾರ್ಡಿಂಗ್ ಯಂತ್ರ (ವಿಸಿಆರ್) ಇನ್ನೂ ಇದೆಯೇ ಎಂದು ಕೇಳಿ.