ಶಾರ್ಜಾದ ಮೊದಲ ರಂಜಾನ್: ಜಿಮ್ ಬಿಡಬೇಡ, ನಿದ್ದೆ ಕೆಡಿಸಿಕೊಳ್ಳಬೇಡ

ತಮ್ಮಾ, ನೀನು ಬರೆದದ್ದು ಓದಿದೆ. ಕಲಬುರಗಿಯಿಂದ ಶಾರ್ಜಾಕ್ಕೆ ಈಗಷ್ಟೇ ಬಂದಿದ್ದೀಯ, ಇದು ಊರ ಹೊರಗಿನ ಮೊದಲ ರಂಜಾನ್. ರೋಜಾ (ಉಪವಾಸ) ಇಟ್ಟುಕೊಂಡು ಜಿಮ್‌ಗೆ ಹೋಗಬಹುದಾ, ಕಷ್ಟಪಟ್ಟು ಬೆಳೆಸಿದ ಮೈ ಒಂದೇ ತಿಂಗಳಲ್ಲಿ ಇಳಿದುಹೋಗುತ್ತಾ, ಅಮ್ಮಿ ಅಡುಗೆ ಇಲ್ಲದೆ ಸೆಹ್ರಿಗೆ (ರೋಜಾಕ್ಕೆ ಮುಂಚೆ ಬೆಳಗಿನ ಜಾವದ ಊಟಕ್ಕೆ) ಏನು ತಿನ್ನೋದು ಅಂತ ಕೇಳಿದ್ದೀಯ.

ಮೊದಲು ಒಂದು ಸಮಾಧಾನ. ಇಲ್ಲಿನ ರೋಜಾ ಊರಿನದಕ್ಕಿಂತ ಕಷ್ಟ ಏನಲ್ಲ. ಈಗೀಗ ರಂಜಾನ್ ಫೆಬ್ರವರಿ, ಮಾರ್ಚ್ ಕಡೆಗೆ ಬರುತ್ತಿದೆ. ಆಗ ಇಲ್ಲಿ ಹವೆ ತಂಪು. ರೋಜಾ ಶುರುವಾಗುವ ಫಜ್ರ್ ಐದೂವರೆ ಹತ್ತಿರ, ರೋಜಾ ಬಿಡುವ ಮಗ್ರಿಬ್ ಆರೂಕಾಲರ ಮೇಲೆ. ಹೆಚ್ಚುಕಡಿಮೆ 13 ಗಂಟೆ, ಕಲಬುರಗಿಯಲ್ಲೂ ಅಷ್ಟೇ. 2018ರಲ್ಲಿ ಮೇ ಮಧ್ಯಕ್ಕೆ ರಂಜಾನ್ ಶುರುವಾಗಿತ್ತಲ್ಲ, ಕಲಬುರಗಿ ಬಿಸಿಲಲ್ಲಿ ಆ ರೋಜಾ ಹಿಡಿದವನಿಗೆ ಇದೇನು ಮಹಾ? ಮೇಲಾಗಿ ಇಲ್ಲಿ ರಂಜಾನ್ ತಿಂಗಳು ದಿನಕ್ಕೆ ಎರಡು ತಾಸು ಕೆಲಸ ಕಡಿಮೆ ಮಾಡಬೇಕು ಅಂತ ಕಾನೂನೇ ಇದೆ. ಖಾಸಗಿ ಕಂಪನಿಗೂ ಅನ್ವಯ, ರೋಜಾ ಇಡದವರಿಗೂ ಅನ್ವಯ.

ಹಾಗಾದರೆ ಮೈ ಕೆಡೋದು ಎಲ್ಲಿ? ರಾತ್ರಿ. ಮಾಲ್‌ಗಳು ಮಧ್ಯರಾತ್ರಿ ದಾಟಿದರೂ ತೆರೆದಿರುತ್ತವೆ. ರೂಮಿನವರು ಕ್ಯಾರಂ ಬೋರ್ಡ್ ಹಾಕುತ್ತಾರೆ, ಕರಕ್ ಚಹಾ ಸುತ್ತುತ್ತಲೇ ಇರುತ್ತೆ. ನೋಡನೋಡುತ್ತಾ ಸೆಹ್ರಿ ಹೊತ್ತಾಗುತ್ತೆ. ಊರಲ್ಲೂ ಮುಸ್ಲಿಂ ಚೌಕ್ ರಾತ್ರಿಯೆಲ್ಲ ಎದ್ದೇ ಇರುತ್ತೆ ನಿಜ, ಆದರೆ ಅಲ್ಲಿ ಕಾಲೇಜಿಗೆ ಚಕ್ಕರ್ ಹೊಡೆದು ಮಲಗಬಹುದಿತ್ತು ಅಲ್ವಾ? ಇಲ್ಲಿ ಬೆಳಿಗ್ಗೆ ಪಂಚ್ ಮಾಡಬೇಕು. ನಿದ್ದೆಗೆಟ್ಟವನಿಗೆ ಹಸಿವೂ ಜಾಸ್ತಿ, ಕರಿದದ್ದು, ಸಿಹಿ ಕಂಡರೆ ಆಸೆಯೂ ಜಾಸ್ತಿ. ಜಿಮ್‌ಗಂತೂ ಕಾಲೇ ಏಳಲ್ಲ. ಅದಕ್ಕೇ ಮೊದಲು ನಿದ್ದೆ ಲೆಕ್ಕ ಹಾಕು, ಆಮೇಲೆ ಜಿಮ್. ಹನ್ನೊಂದರೊಳಗೆ ಮಲಗಿ ನಾಲ್ಕೂವರೆಗೆ ಏಳು. ಕೆಲಸ ಬೇಗ ಮುಗಿಯುತ್ತಲ್ಲ, ಬಂದು ಅರ್ಧ ತಾಸು ಕಣ್ಣು ಮುಚ್ಚು. ಎರಡು ತಾಸು ಮಲಗಿದರೆ ರಾತ್ರಿ ಮತ್ತೆ ಅದೇ ಕಥೆ.

ಇನ್ನು ಜಿಮ್. ಈ ತಿಂಗಳು ಹೊಸದಾಗಿ ಮೈ ಬೆಳೆಸೋ ಹಟ ಬೇಡ, ಇದ್ದದ್ದನ್ನು ಉಳಿಸಿಕೊಂಡರೆ ಸಾಕು. ಉಳಿಸಿಕೊಳ್ಳೋದು ಸುಲಭ. ವಾರಕ್ಕೆ ಎರಡು ಮೂರು ಸಲ ಹೋದರೆ ಆಯಿತು. ಎತ್ತುವ ಭಾರ ಹೆಚ್ಚುಕಡಿಮೆ ಅಷ್ಟೇ ಇರಲಿ, ಸೆಟ್ ಅರ್ಧ ಮಾಡು. ಮೊದಲ ವಾರ ಕನ್ನಡಿಯಲ್ಲಿ ತೋಳು ಸಣ್ಣಗೆ ಕಂಡರೆ ಗಾಬರಿ ಆಗಬೇಡ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ (ಸಕ್ಕರೆಯ ದಾಸ್ತಾನು) ಮತ್ತು ಅದರ ಜೊತೆಗಿದ್ದ ನೀರು ಇಳಿದಿರುತ್ತೆ ಅಷ್ಟೇ. ಊಟ ಸರಿಹೋದ ಮೇಲೆ ಅದು ವಾಪಸ್ ತುಂಬುತ್ತೆ.

ಯಾವ ಹೊತ್ತಿಗೆ ಹೋಗೋದು? ಭಾರ ಎತ್ತೋದಾದರೆ ತರಾವೀಹ್ (ರಂಜಾನ್ ರಾತ್ರಿಯ ವಿಶೇಷ ನಮಾಜ್) ಆದ ಮೇಲೆ. ನಮ್ಮೂರಲ್ಲಿ 20 ರಕಾತ್ (ನಮಾಜಿನ ಸುತ್ತು) ಆಗುತ್ತೆ, ಇಲ್ಲಿ ಹೆಚ್ಚಿನ ಮಸೀದಿಗಳಲ್ಲಿ 8 ರಕಾತ್ ಮತ್ತು ಕೊನೆಗೆ ವಿತ್ರ್ ನಮಾಜ್, ಹಾಗಾಗಿ ಬೇಗ ಬಿಡುವಾಗುತ್ತೀಯ. ಹೊಟ್ಟೆಯೂ ಹಗುರ ಆಗಿರುತ್ತೆ, ಮಧ್ಯೆ ನೀರು ಕುಡಿಯಬಹುದು. ಮುಕ್ಕಾಲು ತಾಸಿಗೆ ಮುಗಿಸಿ ಬಾ. ಉಳಿದ ದಿನ ಇಫ್ತಾರ್‌ಗೆ ಮುಂಚೆ ಅರ್ಧ ತಾಸು ನಡಿಗೆ ಸಾಕು. ಊರಲ್ಲಿ ಅಪ್ಪನ ಕೆರೆ ಸುತ್ತುತ್ತಿದ್ದೆ ಅಂತ ಬರೆದಿದ್ದೀಯಲ್ಲ, ಇಲ್ಲಿ ಅಲ್ ಮಜಾಜ್ ದಂಡೆ ಇದೆ, ಮಮ್ಜಾರ್ ಕಡಲ ಕಡೆಯೂ ಹೋಗಬಹುದು. ರೋಜಾದಲ್ಲಿ ಬೆವರು ಕಿತ್ತುಬರುವ ಹಾಗೆ ಓಡೋದು ಮಾತ್ರ ಬೇಡ. ತಲೆ ತಿರುಗಿದರೆ ಅಲ್ಲೇ ಕೂತುಬಿಡು.

ಈಗ ಹೊಟ್ಟೆ ಮಾತು. ಮಸೀದಿಗಳಲ್ಲಿ ಇಫ್ತಾರ್ ಡಬ್ಬಿ ಪುಕ್ಕಟೆ ಸಿಗುತ್ತೆ. ಬಿರಿಯಾನಿ, ಖರ್ಜೂರ, ಲಬನ್ (ಮಜ್ಜಿಗೆ), ಒಂದು ಹಣ್ಣು, ನೀರು. ಕೊಡುವವರಿಗೆ ದೊಡ್ಡ ಮನಸ್ಸು, ನಾನೂ ಆ ಸಾಲಿನಲ್ಲಿ ಕೂತು ತಿಂದವನೇ. ಆದರೆ ಡಬ್ಬಿ ತೆರೆದು ನೋಡು, ಬೆಟ್ಟದಷ್ಟು ಅನ್ನ, ಒಂದೇ ಪೀಸ್ ಕೋಳಿ. ಅನ್ನ ಅರ್ಧ ತಿಂದು ಉಳಿದದ್ದು ಕಟ್ಟಿಕೊಂಡು ಬಾ, ರೂಮಿನಲ್ಲಿ ಎರಡು ಮೊಟ್ಟೆ ಬೇಯಿಸಿಕೋ. ರೋಜಾ ಬಿಡುವಾಗ ಎರಡು ಮೂರು ಖರ್ಜೂರ, ನೀರು, ಲಬನ್ ಸಾಕು. ನಮಾಜ್ ಮುಗಿಸಿ ಬಂದು ಊಟಕ್ಕೆ ಕೂತರೆ ಹಸಿವಿನ ಹುಚ್ಚು ಇಳಿದಿರುತ್ತೆ. ಸಮೋಸಾ, ಪಕೋಡ ದಿನಾ ಬೇಡ, ಶುಕ್ರವಾರದ ಜುಮ್ಮಾಗೆ ಇಟ್ಟುಕೋ. ಊರಲ್ಲಿ ರೂಹ್ ಅಫ್ಜಾ ಇದ್ದ ಹಾಗೆ ಇಲ್ಲಿ ವಿಮ್ಟೋ ಇದೆ. ಎರಡೂ ಸಕ್ಕರೆ ನೀರೇ.

ಪ್ರೋಟೀನ್ ಲೆಕ್ಕ: ಕಿಲೋ ತೂಕಕ್ಕೆ ಒಂದೂವರೆ ಗ್ರಾಂ ಹಿಡಿ. ನೀನು 70 ಕಿಲೋ ಅಂದರೆ ದಿನಕ್ಕೆ 105 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೇಯಿಸಿದ ಕೋಳಿ 100 ಗ್ರಾಂ ತಿಂದರೆ ಸುಮಾರು 30. ಇಫ್ತಾರ್, ತರಾವೀಹ್ ನಂತರ, ಸೆಹ್ರಿ ಅಂತ ಮೂರು ಪಾಲು ಮಾಡಿಕೋ. ನಮ್ಮ ತೊಗರಿ ಬೇಳೆ ಗಟ್ಟಿಯಾಗಿ ಬೇಯಿಸಿದರೆ ಅದೂ ಲೆಕ್ಕಕ್ಕೆ ಸಿಗುತ್ತೆ.

ಸೆಹ್ರಿಗೆ ನನ್ನ ಕಡೆಯಿಂದ ಒಂದೇ ಸಲಹೆ: ಖಡಕ್ ರೊಟ್ಟಿ. ಊರಿಂದ ಯಾರು ಬಂದರೂ ಒಂದು ಕಟ್ಟು ತರಿಸಿಕೋ, ವಾರಗಟ್ಟಲೆ ಕೆಡಲ್ಲ. ಎರಡು ರೊಟ್ಟಿ ಮುರಿದು ಬಟ್ಟಲಿಗೆ ಹಾಕು, ಮೇಲೆ ಗಟ್ಟಿ ಮೊಸರು, ಸ್ವಲ್ಪ ನೀರು. ಮುಖ ತೊಳೆದು ಬರುವಷ್ಟರಲ್ಲಿ ನಡುವೆ ಮೆತ್ತಗಾಗಿ ಅಂಚು ಮಾತ್ರ ಕುರುಕುರು ಉಳಿದಿರುತ್ತೆ. ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಒಂದು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ). ಪಕ್ಕಕ್ಕೆ ಎರಡು ಮೊಟ್ಟೆ. ಒಲೆ ಸರದಿ ಕಾಯೋ ಕೆಲಸವಿಲ್ಲ. ಜೋಳ ನಿಧಾನಕ್ಕೆ ಜೀರ್ಣ ಆಗುತ್ತೆ, ಮಧ್ಯಾಹ್ನದವರೆಗೆ ಹೊಟ್ಟೆ ಕೂಗಲ್ಲ. ಹಿಂಡಿ ಜಾಸ್ತಿ ಹಾಕಿಕೊಂಡೆಯೋ, ಉಪ್ಪು ಖಾರಕ್ಕೆ ಹತ್ತು ಗಂಟೆಗೇ ಬಾಯಾರುತ್ತೆ. ಉಪ್ಪಿನಕಾಯಿ, ಹಪ್ಪಳದ ಕಥೆಯೂ ಅದೇ. ಖಿಚಡಿ ಖೀಮಾ ರಜೆ ದಿನಕ್ಕೆ ಇರಲಿ.

ನೀರನ್ನು ಫಜ್ರ್ ಅಜಾನ್‌ಗೆ ಐದು ನಿಮಿಷ ಮೊದಲು ಗಟಗಟ ಲೀಟರ್ ಕುಡಿದರೆ ಸುಮ್ನೆ ಬಾತ್‌ರೂಮಿಗೆ ಓಡಾಟ. ಇಫ್ತಾರ್‌ನಿಂದ ಮಲಗುವವರೆಗೆ ಸ್ವಲ್ಪ ಸ್ವಲ್ಪವಾಗಿ ಎರಡು ಲೀಟರ್ ಮುಗಿಸು, ಉಳಿದದ್ದು ಸೆಹ್ರಿಗೆ. ದಿನಕ್ಕೆ ಆರು ಚಹಾ ಕುಡಿಯೋ ಚಟ ಇದ್ದರೆ ರಂಜಾನ್‌ಗೆ ಒಂದು ವಾರ ಮುಂಚಿನಿಂದಲೇ ಇಳಿಸುತ್ತಾ ಬಾ. ಮೊದಲ ದಿನಗಳ ತಲೆನೋವು ಎಷ್ಟೋ ಸಲ ಹಸಿವಿನದಲ್ಲ, ಚಹಾ ತಪ್ಪಿದ್ದು.

ನಿನ್ನ ರೂಮಿನ ಹಿರಿಯರಿಗೆ ಶುಗರ್ ಇದೆ, ಇನ್ಸುಲಿನ್ ತಗೋತಾರೆ ಅಂದೆಯಲ್ಲ. ಅವರು ರಂಜಾನ್‌ಗೆ ಮುಂಚೆಯೇ ಡಾಕ್ಟರ್ ನೋಡಿ ಡೋಸ್ ಬದಲಿಸಿಕೊಳ್ಳಲೇಬೇಕು. ಬೆರಳು ಚುಚ್ಚಿ ಶುಗರ್ ನೋಡಿಕೊಂಡರೆ ರೋಜಾ ಮುರಿಯಲ್ಲ. ಶುಗರ್ 70ಕ್ಕಿಂತ (mg/dL) ಕೆಳಗಿಳಿದರೆ, ಇಲ್ಲವೇ 300 ದಾಟಿದರೆ ಅಲ್ಲೇ ರೋಜಾ ಬಿಡಬೇಕು. ಕಾಯಿಲೆ ಇರುವವರಿಗೆ ಕುರಾನ್‌ನಲ್ಲೇ ರಿಯಾಯಿತಿ ಇದೆ. ಇದನ್ನು ನೀನು ಹೇಳಿದರೆ ಕೇಳಲಿಕ್ಕಿಲ್ಲ, ಮಸೀದಿಯ ಇಮಾಮ್ ಸಾಹೇಬರ ಬಾಯಿಂದ ಹೇಳಿಸು.

ಕೊನೆಯ ಹತ್ತು ರಾತ್ರಿ ಕಿಯಾಮ್‌ಗೆ (ತಡರಾತ್ರಿಯ ನಮಾಜ್‌ಗೆ) ನಿಲ್ಲುವೆಯಾದರೆ ಆ ದಿನಗಳಲ್ಲಿ ಭಾರ ಎತ್ತೋದನ್ನು ಬಿಟ್ಟರೂ ನಡೆಯುತ್ತೆ. ಈದ್ ಮಾರನೇ ದಿನವೇ ಹಳೆ ಭಾರಕ್ಕೆ ಕೈ ಹಾಕಬೇಡ. ಶೀರ್ ಖುರ್ಮಾ ಅಮಲು ಇಳಿಯಲಿ, ಕಡಿಮೆ ಭಾರದಿಂದ ಶುರುಮಾಡಿ ಒಂದು ವಾರದಲ್ಲಿ ಏರಿಸಿಕೋ. ರೊಟ್ಟಿ ಬೇಕಾದರೆ ಹೇಳು, ಮುಂದಿನ ವಾರ ನಮ್ಮ ಮನೆಗೆ ಊರಿಂದ ಬರುವವರಿದ್ದಾರೆ.