ಅರ್ಜುನನ ಹತ್ತು ಹೆಸರು ಮುಗಿಯುವುದರೊಳಗೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸೀಮೆಯ ಹಳೆಯ ಹೆಂಚಿನ ಮನೆ. ಕಳೆದ ವಾರ ಸಂಜೆ ಮೂಡಣದಲ್ಲಿ ಮೋಡ ಕಟ್ಟಿ, ಗುಡುಗು ಸಿಡಿಲಿನೊಂದಿಗೆ ಮಳೆ ಸುರಿಯಿತು. ಅತ್ತೆಯವರು ವಾಡಿಕೆಯಂತೆ ಕತ್ತಿಯೊಂದನ್ನು ಅಂಗಳಕ್ಕೆ ಎಸೆದು ಬಂದು, ಜಗಲಿಯಲ್ಲಿ ಕುಳಿತು ಅರ್ಜುನನ ಹೆಸರುಗಳನ್ನು ಹೇಳತೊಡಗಿದರು. ಆರು ವರ್ಷದ ಮಗಳು ಅವರ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಳು. ನಮ್ಮ ಯಜಮಾನರು ಇದೆಲ್ಲ ಮೂಢನಂಬಿಕೆ ಎಂದು ರೇಗುತ್ತಾರೆ. ಹಿರಿಯರ ಮನಸ್ಸನ್ನು ನೋಯಿಸದೆ ನಾವು ಹೇಗೆ ನಡೆದುಕೊಳ್ಳಬೇಕು?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಅತ್ತೆಯವರು ಮಾಡುವ ಎರಡು ಕೆಲಸಗಳಲ್ಲಿ ಒಂದನ್ನು ಮಾತ್ರ ಬಿಡಿಸಿ, ಇನ್ನೊಂದನ್ನು ಉಳಿಸಿಕೊಳ್ಳಿ. ಅಂಗಳಕ್ಕೆ ಎಸೆದ ಕತ್ತಿ ಸಿಡಿಲನ್ನು ತನ್ನತ್ತ ಸೆಳೆದು ಮನೆಯನ್ನು ಕಾಯುವುದಿಲ್ಲ. ಅದನ್ನು ಎಸೆಯಲೆಂದು ವಯಸ್ಸಾದವರು ಮಿಂಚಿನ ನಡುವೆ ಬಯಲಿಗೆ ಇಳಿಯುತ್ತಾರಲ್ಲ, ಅಪಾಯ ಇರುವುದು ಅಲ್ಲಿಯೇ. ಇದನ್ನು ಮಳೆ ಬಂದಾಗ ರೇಗಿ ಹೇಳುವ ಬದಲು, ಬಿಸಿಲಿರುವ ದಿನ ಪಕ್ಕದಲ್ಲಿ ಕುಳಿತು ಹೇಳಿದರೆ ಅವರು ಖಂಡಿತ ಕೇಳಿಸಿಕೊಳ್ಳುತ್ತಾರೆ.

ಅರ್ಜುನನ ಹೆಸರುಗಳ ವಿಷಯ ಬೇರೆ. ವಿರಾಟಪರ್ವದಲ್ಲಿ ಉತ್ತರಕುಮಾರನ ಸಂಶಯ ಕಳೆಯಲು ಅರ್ಜುನನೇ ತನ್ನ ಹತ್ತು ಹೆಸರುಗಳನ್ನು ಹೇಳಿ ವಿವರಿಸುತ್ತಾನೆ. ವಜ್ರಾಯುಧವನ್ನು ಹಿಡಿದ ಇಂದ್ರನ ಮಗನನ್ನು ನೆನೆದರೆ ಸಿಡಿಲಿನ ಭಯವಿಲ್ಲವೆಂಬುದು ಹಿರಿಯರ ನಂಬಿಕೆ. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ ಎಂದು ಆರಂಭಿಸಿ ಸವ್ಯಸಾಚಿ, ಧನಂಜಯದವರೆಗೆ ನಿಧಾನವಾಗಿ, ಹೆಸರಿಗೊಂದು ಸೆಕೆಂಡಿನಂತೆ ಹೇಳಿದರೆ ಹತ್ತು ಸೆಕೆಂಡು ಆಗುತ್ತದೆ. ಬೆಳಕು ಕಣ್ಣಿಗೆ ತಕ್ಷಣವೇ ತಲುಪುತ್ತದೆ, ಆದರೆ ಸದ್ದು ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ತೆಗೆದುಕೊಳ್ಳುತ್ತದೆ. ಮಿಂಚು ಕಂಡೊಡನೆ ಅಜ್ಜಿ ಮೊಮ್ಮಗಳು ಒಟ್ಟಿಗೆ ಹೇಳಲಾರಂಭಿಸಲಿ. ಧನಂಜಯ ಎನ್ನುವುದರೊಳಗೆ ಗುಡುಗು ಕೇಳಿಸಿದರೆ ಮಿಂಚು ಹೊಡೆದದ್ದು ಮೂರು ಕಿಲೋಮೀಟರಿನ ಆಸುಪಾಸಿನಲ್ಲಿ, ಪಾರ್ಥನ ಹೊತ್ತಿಗೇ ಕೇಳಿಸಿದರೆ ಒಂದೇ ಕಿಲೋಮೀಟರಿನ ಅಳತೆಯಲ್ಲಿ. ಸದ್ದು ಎಲ್ಲಿಂದ ಬಂತೆಂದು ಲೆಕ್ಕ ಹಾಕಲು ಕಲಿತ ಮಗು ಸೆರಗಿನಿಂದ ಮುಖ ತೆಗೆದು ಮುಂದಿನ ಮಿಂಚಿಗೆ ಕಾಯುವುದನ್ನು ನಾನು ನಮ್ಮ ಮನೆಯಲ್ಲಿಯೇ ನೋಡಿದ್ದೇನೆ.

ಆದರೆ ಈ ಲೆಕ್ಕ ನಡೆಯಬೇಕಾದದ್ದು ನಡುಮನೆಯಲ್ಲಿ, ಜಗಲಿಯಲ್ಲಿ ಅಲ್ಲ. ಮೊದಲ ಗುಡುಗು ಎಷ್ಟೇ ದೂರದಿಂದ ಕೇಳಿಸಿದರೂ ಎಲ್ಲರೂ ಒಳಗೆ ಬರಬೇಕು. ಮಳೆ ಇನ್ನೂ ಬಿದ್ದಿರದ ಜಾಗಕ್ಕೂ, ಮೋಡದಿಂದ ಹತ್ತು ಕಿಲೋಮೀಟರು ಆಚೆಗೂ ಸಿಡಿಲು ಬಡಿಯುವುದುಂಟು. ಕೊನೆಯ ಗುಡುಗು ಕೇಳಿಸಿ 30 ನಿಮಿಷ ಕಳೆಯುವವರೆಗೆ ಅಂಗಳಕ್ಕಾಗಲಿ ತೋಟಕ್ಕಾಗಲಿ ಇಳಿಯಬೇಡಿ. ಹಳೆಯ ಮನೆಗಳಲ್ಲಿ ಸಿಡಿಲಿನ ವಿದ್ಯುತ್ತು ಕರೆಂಟಿನ ತಂತಿ, ಡಿಶ್ ಕೇಬಲ್ಲು, ಲೋಹದ ನೀರಿನ ಕೊಳವೆ, ಕಿಟಕಿಯ ಸರಳು ಇವುಗಳ ಮೂಲಕ ಒಳಗೆ ಬರಬಹುದಾದ್ದರಿಂದ, ಆ ಹೊತ್ತಿನಲ್ಲಿ ಸ್ನಾನ ಮಾಡುವುದು, ಪಾತ್ರೆ ತೊಳೆಯುವುದು, ಗೋಡೆಗೆ ಒರಗಿ ಕೂರುವುದು ಬೇಡ. ಟಿವಿ, ಫ್ರಿಜ್ಜುಗಳ ಪ್ಲಗ್ಗನ್ನು ಮೋಡ ಕಟ್ಟುವಾಗಲೇ ಕಿತ್ತಿಡಿ. ಮಿಂಚು ನೆತ್ತಿಯ ಮೇಲಿರುವಾಗ ಅವುಗಳ ಹತ್ತಿರ ಹೋಗಬೇಡಿ. ಚಾರ್ಜರಿಗೆ ಸಿಕ್ಕಿಸದ ಮೊಬೈಲನ್ನು ಮನೆಯೊಳಗೆ ಬಳಸಿದರೆ ತೊಂದರೆಯಿಲ್ಲ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯವರು ರೂಪಿಸಿದ ‘ದಾಮಿನಿ’ ಆ್ಯಪನ್ನು ಅದರಲ್ಲಿ ಹಾಕಿಕೊಂಡರೆ, ಸುತ್ತಮುತ್ತ ಸಿಡಿಲು ಬಡಿಯುವ ಸಂಭವವಿದ್ದಾಗ ಮುನ್ಸೂಚನೆ ಸಿಗುತ್ತದೆ.

ಪ್ರಶ್ನೆ: ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಶಾಕ್ ಹೊಡೆಯುತ್ತದೆಯೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಇಲ್ಲ. ಅವರ ದೇಹದಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದಾಗಿ ಸುತ್ತ ನಿಂತವರು ಹತ್ತಿರ ಹೋಗದೆ, ಉಳಿಯಬಹುದಾಗಿದ್ದ ಜೀವ ಹೋಗಬಾರದು. ಉಸಿರು ನಿಂತಿದ್ದರೆ ಸಾಧ್ಯವಾದಷ್ಟು ಬೇಗ ಸುರಕ್ಷಿತ ಜಾಗಕ್ಕೆ ಎತ್ತಿಕೊಂಡು ಹೋಗಿ, ಎದೆಯ ನಡುಭಾಗವನ್ನು ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಸಲದಂತೆ ಗಟ್ಟಿಯಾಗಿ ಒತ್ತುತ್ತಿರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆಂಬುಲೆನ್ಸ್ ಬರುವವರೆಗೂ ಒತ್ತುವುದನ್ನು ನಿಲ್ಲಿಸಬೇಡಿ.