ಸ್ಪ್ಯಾನಿಷ್ ಕಲಿಯೋಕೆ ಇಂಗ್ಲಿಷ್ ದಾರಿ ಬೇಡ, ಕನ್ನಡದಿಂದ ಹೋಗಿ

ನಾಲ್ಕು ತಿಂಗಳಲ್ಲಿ ಮ್ಯಾಡ್ರಿಡ್‌ಗೆ ಹೊರಡಬೇಕು, ಸ್ಪ್ಯಾನಿಷ್ ಒಂದಕ್ಷರವೂ ಬರಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ನಾನೂ ಇದೇ ಸ್ಥಿತಿಯಲ್ಲಿ ಇಲ್ಲಿಗೆ ಬಂದವಳು. ಆಗ ಯಾರೂ ಹೇಳದ ಒಂದು ಮಾತು ಹೇಳುತ್ತೇನೆ: ಇಂಗ್ಲಿಷ್ ಮೂಲಕ ಕಲಿಯಬೇಡಿ, ಕನ್ನಡದ ಮೂಲಕ ಕಲಿಯಿರಿ.

ಮೊದಲ ಎರಡು ತಿಂಗಳು ನಾನು ಒಂದು ಇಂಗ್ಲಿಷ್ ಆ್ಯಪ್ ನಂಬಿಕೊಂಡಿದ್ದೆ. ‘ಮೆ ಗುಸ್ತಾ ಎಲ್ ಕಫೆ’ ಅಂದರೆ ‘ಐ ಲೈಕ್ ಕಾಫಿ’ ಅಂತ ಅದು ಹೇಳಿತು. ಆ ‘ಐ’ ಎಲ್ಲಿದೆ ಅಂತ ಹುಡುಕಿ ಹುಡುಕಿ ಸಾಕಾಯಿತು. ಒಂದು ಬೆಳಿಗ್ಗೆ ಡಿಕಾಕ್ಷನ್ ಇಳಿಯಲಿ ಅಂತ ಫಿಲ್ಟರ್ ಮುಂದೆ ಕಾಯುತ್ತಾ ಅದೇ ವಾಕ್ಯ ಗುನುಗುತ್ತಿದ್ದಾಗ ತಟ್ಟನೆ ಹೊಳೆಯಿತು. ‘ಮೆ’ ಅಂದರೆ ‘ನನಗೆ’! ನನಗೆ ಕಾಫಿ ಇಷ್ಟ, ಅಷ್ಟೇ. ‘ಮೆ ದುಯೆಲೆ ಲಾ ಕಬೇಥಾ’ ಅಂದರೆ ನನಗೆ ತಲೆ ನೋಯುತ್ತೆ. ‘ಮೆ ಪರೇಥೆ’ ಅಂದರೆ ನನಗೆ ಅನಿಸುತ್ತೆ. ಇಂಗ್ಲಿಷಿನವರು ವಾರಗಟ್ಟಲೆ ಒದ್ದಾಡುವ ಪಾಠ ನಮಗೆ ಮನೆಮಾತು.

ಇನ್ನೂ ಇದೆ. ‘ಹೋಗ್ತೀನಿ’ ಅಂದರೆ ಸಾಕು, ‘ನಾನು’ ಬೇಕಿಲ್ಲ, ಅಲ್ವಾ? ಸ್ಪ್ಯಾನಿಷ್‌ನಲ್ಲೂ ‘ಬೊಯ್’ ಅಂದರೆ ಮುಗಿಯಿತು, ಯಾರು ಅಂತ ಕ್ರಿಯಾಪದವೇ ಹೇಳುತ್ತೆ. ‘ತೂ’ ನಮ್ಮ ನೀನು, ‘ಉಸ್ತೆದ್’ ನಮ್ಮ ನೀವು. ಆದರೆ ಸ್ಪೇನ್‌ನಲ್ಲಿ ಅಂಗಡಿಯವರು ಹೊಸಬರಿಗೂ ಸಲೀಸಾಗಿ ‘ತೂ’ ಅಂತಾರೆ, ಬೇಜಾರು ಮಾಡಿಕೊಳ್ಳಬೇಡಿ, ಅದು ಅಗೌರವ ಅಲ್ಲ. ಉಚ್ಚಾರಣೆಯಲ್ಲೂ ನಮಗೆ ಲಾಭ. ಅವರದು ನಮ್ಮ ತ, ದ. ಇಂಗ್ಲಿಷಿನ ಟ, ಡ ಅಲ್ಲ. ನಾವು ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ ಞ ಕೂಡ ಅಲ್ಲಿ ದಿನಾ ಬಳಕೆಯಲ್ಲಿದೆ, ‘ಎಸ್ಪಾಞಾ’ ಅಂತಲೇ ಅವರ ದೇಶದ ಹೆಸರು.

‘ಸೆರ್’ ಮತ್ತು ‘ಎಸ್ತಾರ್’ ಅಂತ ಎರಡು ಕ್ರಿಯಾಪದ ಬರುತ್ತವೆ, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ನಾನು ಇಟ್ಟುಕೊಂಡ ಅಳತೆ ಇದು: ಕನ್ನಡದಲ್ಲಿ ಕ್ರಿಯಾಪದವೇ ಬೇಡದ ಕಡೆ (ನಾನು ಇಂಜಿನಿಯರ್) ಸೆರ್, ‘ಇದ್ದೇನೆ’ ಬರುವ ಕಡೆ (ಮನೆಯಲ್ಲಿದ್ದೇನೆ, ಸುಸ್ತಾಗಿದ್ದೇನೆ) ಎಸ್ತಾರ್. ಎಲ್ಲ ಕಡೆ ಹೊಂದಲ್ಲ, ಆದರೆ ಶುರುವಿಗೆ ಸಾಕಷ್ಟು ದೂರ ಕರೆದೊಯ್ಯುತ್ತೆ. ಕಷ್ಟ ಆಗೋದು ವಸ್ತುಗಳ ಲಿಂಗ. ಮೇಜು ಹೆಣ್ಣು, ಪುಸ್ತಕ ಗಂಡು. ಇಲ್ಲಿ ಕನ್ನಡ ಕೈಕೊಡುತ್ತೆ. ಹಿಂದಿ ಬಂದರೆ ಲಿಂಗದ ಅಭ್ಯಾಸ ಇರುತ್ತೆ, ಇಲ್ಲದಿದ್ದರೆ ಪದ ಕಲಿಯುವಾಗಲೇ ‘ಲಾ ಮೇಸಾ’, ‘ಎಲ್ ಲಿಬ್ರೊ’ ಅಂತ ಜೋಡಿಯಾಗಿಯೇ ಕಲಿಯಿರಿ.

ಅಂಕಿಗಳನ್ನು ನೂರರವರೆಗೆ ಗಟ್ಟಿ ಮಾಡಿಕೊಳ್ಳದೆ ವಿಮಾನ ಹತ್ತಬೇಡಿ. ನಾನು ಹತ್ತಕ್ಕೇ ನಿಲ್ಲಿಸಿದ್ದೆ. ತರಕಾರಿ ಅಂಗಡಿಯಲ್ಲಿ ‘ತ್ರೆಸ್ ಕೊನ್ ಕ್ವಾರೆಂತಾ’ ಅಂದಾಗ ಮೂರು ಮಾತ್ರ ಗೊತ್ತಾಯಿತು. ಅದು 3.40 ಯೂರೋ. ಫೋನ್ ನಂಬರನ್ನೂ ಎರಡೆರಡು ಅಂಕಿ ಸೇರಿಸಿ ಪಟಪಟ ಹೇಳುತ್ತಾರೆ. ಹಾಗೇ ‘ಥೀತಾ ಪ್ರೇಬಿಯಾ’ ಅನ್ನೋದನ್ನು ಈಗಲೇ ನೆನಪಿಡಿ, ಮುಂಚಿತವಾಗಿ ತೆಗೆದುಕೊಂಡ ಅಪಾಯಿಂಟ್‌ಮೆಂಟ್ ಅಂತ ಅರ್ಥ, ವಿಳಾಸ ನೋಂದಣಿ, ನಿವಾಸದ ಕಾರ್ಡು ಇಂಥವಕ್ಕೆ ಸಾಮಾನ್ಯವಾಗಿ ಬಾಗಿಲಲ್ಲೇ ಅದನ್ನು ಕೇಳುತ್ತಾರೆ, ಮತ್ತು ಸ್ಪ್ಯಾನಿಷ್‌ನಲ್ಲೇ ಕೇಳುತ್ತಾರೆ.

ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಅರ್ಧದಷ್ಟು ಹೊತ್ತು ಬಾಯಿಬಿಟ್ಟು ಜೋರಾಗಿ ಹೇಳಿ. ಆ್ಯಪ್‌ಗಳು ಜಾಸ್ತಿ ಕಲಿಸೋದು ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್. ಸ್ಪೇನ್‌ನಲ್ಲಿ ಸ್ನೇಹಿತರ ಗುಂಪಿಗೆ ‘ನೀವೆಲ್ಲ’ ಅನ್ನೋಕೆ ಬಳಸುವ ‘ಬೊಸೊತ್ರೊಸ್’ ಅದರಲ್ಲಿ ಸಿಗೋದು ಕಷ್ಟ, ಬೇರೆ ಕಡೆ ಕಲಿಯಿರಿ. ಬಂದ ಮೇಲೆ ಎಸ್ಕುಯೆಲಾ ಒಫಿಥಿಯಾಲ್ ದೆ ಇದಿಯೋಮಾಸ್ ಅನ್ನೋ ಸರ್ಕಾರಿ ಭಾಷಾ ಶಾಲೆಗಳಿಗೆ ಅರ್ಜಿ ಹಾಕಿ, ಖಾಸಗಿ ಕ್ಲಾಸಿಗಿಂತ ಫೀ ತುಂಬಾ ಕಡಿಮೆ.

ಕೊನೆಗೆ ಒಂದು ವಾಕ್ಯ, ಯಾವ ಪಾಠದಲ್ಲೂ ನನಗೆ ಸಿಗಲಿಲ್ಲ. ಮೊದಲ ವಾರ ಮೀನಿನಂಗಡಿಯಲ್ಲಿ ಸಾಲೇ ಇರಲಿಲ್ಲ, ಜನ ಅಲ್ಲಲ್ಲಿ ನಿಂತಿದ್ದರು, ನನ್ನ ನಂತರ ಬಂದವರೆಲ್ಲ ಮೀನು ತಗೊಂಡು ಹೋದರು. ಇಪ್ಪತ್ತು ನಿಮಿಷ ಆದಮೇಲೆ ಒಬ್ಬ ಅಜ್ಜಿ ನನ್ನ ತೋಳು ಹಿಡಿದು ನಿಧಾನವಾಗಿ ಹೇಳಿಕೊಟ್ಟರು: ‘ಕ್ಯೆನ್ ಎಸ್ ಎಲ್ ಉಲ್ತಿಮೊ?’ ಕಡೆಯವರು ಯಾರು? ಒಳಗೆ ಕಾಲಿಟ್ಟ ಕೂಡಲೇ ಕೇಳಬೇಕು, ಯಾರೋ ಒಬ್ಬರು ‘ಯೊ’ (ನಾನು) ಅಂತಾರೆ, ಅವರಾದ ಮೇಲೆ ನಿಮ್ಮ ಸರದಿ.